ಬ್ರಾಗಾದ ಹೊಸ್ತಿಲಿಗೆ ಹೂವು ಹಾಕಿದ್ದು

ಜಲಜಾಕ್ಷಿ ಅತ್ತಿಗೇ,

ಪೋರ್ಚುಗಲ್ಲಿನ ಬ್ರಾಗಾದಿಂದ ನಿಮಗೆಲ್ಲ ಈಸ್ಟರ್ ಹಬ್ಬದ ಶುಭಾಶಯ! ಇವತ್ತು ಇಲ್ಲಿ ಚರ್ಚಿನವರು ಹೂವು ಮುಡಿಸಿದ ಶಿಲುಬೆ ಹಿಡಿದು, ಗಂಟೆ ಬಾರಿಸುತ್ತ ಮನೆಮನೆಗೆ ಬರುತ್ತಾರೆ. ಹೊಸ್ತಿಲಲ್ಲಿ ಹೂವಿದ್ದರೆ ಒಳಗೆ ಕರೆದ ಹಾಗೆ. ಆಗ ನನಗೇನು ಗೊತ್ತು? ನೆರೆಯವರನ್ನು ನೋಡಿ ನಾನೂ ನಾನಿರುವ ಮನೆಯ ಬಾಗಿಲಿಗೆ ಹೂವಿನ ರಂಗೋಲಿ ಹಾಕಿಬಿಟ್ಟೆ. ಮನೆಯೊಡತಿ ಇನಾಸಿಯಾ ಬೆಚ್ಚಿಬಿದ್ದರು. "ಶಿಲುಬೆ ಹಿಡಿಯುವವನು ನನ್ನ ತಮ್ಮ! ಅಮ್ಮ ತೀರಿಕೊಂಡಾಗಿನಿಂದ ನಮಗೆ ಮಾತಿಲ್ಲ."

ನಾನು ಗಾಬರಿಯಿಂದ ಪೊರಕೆ ಹುಡುಕುವಷ್ಟರಲ್ಲಿ ಗಂಟೆ ಬಾಗಿಲಿಗೇ ಬಂತು. ಇನಾಸಿಯಾರ ತಮ್ಮ ಹೂವು ನೋಡಿ ನಿಂತುಬಿಟ್ಟರು. "ಬರಲಾ?" ಎಂದರಂತೆ. "ಬಾರೋ, ಎಷ್ಟು ವರ್ಷ ಹೊರಗೇ ನಿಲ್ಲುತ್ತೀ?" ಎಂದರಂತೆ ಅಕ್ಕ. ಇದನ್ನೆಲ್ಲ ಆಮೇಲೆ ಅವರೇ ಇಂಗ್ಲಿಷಿನಲ್ಲಿ ಹೇಳಿದ್ದು. ಆದರೆ ಶಿಲುಬೆಗೆ ಮುತ್ತಿಟ್ಟು ಇಬ್ಬರೂ ಅತ್ತಾಗ ನನಗೂ ಕಣ್ಣು ತುಂಬಿತು.

ಅಬುಧಾಬಿಯ ಸೆಕೆಯಿಂದ ಬಂದವಳಿಗೆ ಇಲ್ಲಿನ ಚಳಿಗೆ ಶೀತವಾಗಿದೆ. ಜ್ವರವಿಲ್ಲ, ಅಣ್ಣನಿಗೆ ಹೇಳಿ. ಮೆರವಣಿಗೆ ಮುಗಿಸಿ ತಮ್ಮ ಮತ್ತೆ ಬಂದಿದ್ದಾರೆ. ಅಡುಗೆಮನೆಯಲ್ಲಿ ಅಕ್ಕತಮ್ಮ ಜೋರಾಗಿ ವಾದಿಸುತ್ತಿದ್ದಾರೆ, ಅಮ್ಮ ಕೇಕಿಗೆ ಎಷ್ಟು ಮೊಟ್ಟೆ ಹಾಕುತ್ತಿದ್ದರೆಂದು! ತೀರ್ಪು ಹೇಳಲು ನನ್ನನ್ನು ಕರೆಯುತ್ತಿದ್ದಾರೆ, ಓಡಿದೆ.

ನಿಮ್ಮ ದೀಪ್ತಿ