ನಿಮ್ಮಪ್ಪನ ಟ್ಯಾಬಿನ ಗುಣದೋಷ

ಚಿತ್ತವಾಡಗಿ, ಹೊಸಪೇಟೆ
11 ಫೆಬ್ರವರಿ 2025, ಮಂಗಳವಾರ

ನನ್ನ ಶೈಲಜಾ,

ನಿನಗೂ, ಅಳಿಯ ಈಶ್ವರ್ ಅವರಿಗೂ, ಮೊಮ್ಮಗಳು ಅಂಜಲಿಗೂ ನನ್ನ ಆಶೀರ್ವಾದ. ನಿನ್ನೆ ಫೋನಿನಲ್ಲಿ ನೆಟ್‌ವರ್ಕ್ ಇಲ್ಲ, ಏನೂ ಕೇಳಿಸುತ್ತಿಲ್ಲ ಎಂದು ಇಟ್ಟುಬಿಟ್ಟೆನಲ್ಲ, ನೆಟ್‌ವರ್ಕ್ ಚೆನ್ನಾಗಿಯೇ ಇತ್ತು. ನೀನು ಅಪ್ಪನ ಟ್ಯಾಬಿನ ಮಾತು ತೆಗೆದೆ, ಅದಕ್ಕೇ ಇಟ್ಟೆ. ಹೋದ ತಿಂಗಳು ಅದನ್ನು ರಿಪೇರಿಗೆ ಕೊಟ್ಟಿದ್ದೇನೆ ಎಂದದ್ದೂ ಸುಳ್ಳು. ಅದು ಎಲ್ಲಿಗೂ ಹೋಗಿಲ್ಲ. ಬೀರುವಿನಲ್ಲಿ ನನ್ನ ಸೀರೆಗಳ ಕೆಳಗೆ ಇದೆ. ಎರಡು ತಿಂಗಳಿಂದ ಮೂರು ದಿನಕ್ಕೊಮ್ಮೆ ತೆಗೆದು ಚಾರ್ಜಿಗೆ ಹಾಕಿ ಮತ್ತೆ ಅಲ್ಲೇ ಇಡುತ್ತೇನೆ.

ಸಂಡೂರು ಎಷ್ಟು ದೂರ, ದಿನಾ ಫೋನು ಮಾಡುತ್ತೇವೆ, ಇದರ ನಡುವೆ ಅವ್ವನದು ಇದೆಂಥ ಕಾಗದ ಎಂದು ನಗಬೇಡ. ನಿಮ್ಮಪ್ಪನ ದನಿ ಹೋದ ಮೇಲೆ ಎರಡು ವರ್ಷ ನಮ್ಮ ಮನೆ ಬರವಣಿಗೆಯ ಮೇಲೆಯೇ ನಡೆಯಿತು. ಬಾಯಲ್ಲಿ ಬಾರದ್ದು ಕೈಯಲ್ಲಿ ಬರುತ್ತದೇನೋ ನೋಡೋಣವೆಂದು ಕೂತಿದ್ದೇನೆ. ಭಾನುವಾರ ಈಶ್ವರ್ ಅದನ್ನು ಒಯ್ಯಲು ಬರುತ್ತಾರೆ. ಒಳಗಿರುವುದನ್ನೆಲ್ಲ ಅಳಿಸಿ ಹೊಸದರ ಹಾಗೆ ಮಾಡಿ ಅಂಜಲಿಗೆ ಕೊಡುತ್ತಾರಂತೆ. ಅಷ್ಟರೊಳಗೆ ನಿನಗೆ ನಾನು ಒಂದು ವಿಷಯ ಹೇಳಬೇಕು. ಹೇಳಿದ ಮೇಲೆ ನೀನು ನನ್ನನ್ನು ಅವ್ವಾ ಎಂದು ಕರೆಯುತ್ತೀಯೋ ಇಲ್ಲವೋ ಎನ್ನುವುದೇ ನನ್ನ ಭಯ.

ಮೊದಲು ನೀನು ಕೇಳಿದ್ದಕ್ಕೆ ಉತ್ತರ. ಅಂಜಲಿ ಏಳನೇ ಇಯತ್ತೆ ಓದುವವಳು, ಅವಳಿಗೆ ಇದು ಸಾಕೋ, ಇಲ್ಲ ಹೊಸದೇ ಕೊಳ್ಳಲೋ, ಒಳ್ಳೆಯದು ಕೆಟ್ಟದ್ದು ಎರಡೂ ಹೇಳು ಎಂದಿದ್ದೆ. ಈ ಊರಿನಲ್ಲಿ ಈ ಟ್ಯಾಬನ್ನು ನನ್ನಷ್ಟು ಬಲ್ಲವರು ಯಾರೂ ಇಲ್ಲ ಬಿಡು. ಮಾರಿದ ಮನೋಹರನಿಗೂ ಗೊತ್ತಿಲ್ಲ.

ಹದಿನೇಳು ಸಾವಿರದ ವಸ್ತುವಿಗೆ ಬ್ಯಾಟರಿ ಭಾಳ ಚಲೋ ಇದೆ. ಒಮ್ಮೆ ತುಂಬಿಸಿದರೆ ಎರಡು ದಿನ ಚಿಂತೆಯಿಲ್ಲ. ಆದರೆ ತುಂಬುವುದಕ್ಕೆ ಮೂರು ತಾಸು ಬೇಕು. ಕರೆಂಟು ಹೋದ ದಿನ ನಿಮ್ಮಪ್ಪ ನನ್ನನ್ನೇ ಕೆ.ಇ.ಬಿ.ಯವಳು ಎನ್ನುವಂತೆ ದುರುಗುಟ್ಟಿ ನೋಡುತ್ತಿದ್ದರು. ಪರದೆ ದೊಡ್ಡದು, ಅಕ್ಷರವನ್ನು ಅಂಗೈಯಷ್ಟು ಮಾಡಿಕೊಳ್ಳಬಹುದು, ನನಗೇ ಕನ್ನಡಕ ಬೇಕಾಗುತ್ತಿರಲಿಲ್ಲ. ತೂಕ ಹೆಚ್ಚು. ಒಂದೇ ಕೈಯಲ್ಲಿ ಹಿಡಿದರೆ ಮಣಿಕಟ್ಟು ನೋಯುತ್ತದೆ. ಕೊನೆಯ ತಿಂಗಳುಗಳಲ್ಲಿ ಅವರು ಹೊಟ್ಟೆಯ ಮೇಲೆ ದಿಂಬಿಟ್ಟು ಅದರ ಮೇಲೆ ಇಟ್ಟುಕೊಳ್ಳುತ್ತಿದ್ದರು. ಕ್ಯಾಮೆರಾ ಮಾತ್ರ ದಂಡ. ಅಂಜಲಿಯ ಹುಟ್ಟುಹಬ್ಬದಲ್ಲಿ ತೆಗೆದ ಫೋಟೋದಲ್ಲಿ ಕೇಕು ಯಾವುದು, ನನ್ನ ಮುಖ ಯಾವುದು ತಿಳಿಯುವುದಿಲ್ಲ.

ಬೆರಳಲ್ಲಿ ಗೀಚಿದರೆ ಅಕ್ಷರ ಹಿಡಿಯುವುದರಲ್ಲಿ ಇದನ್ನು ಮೀರಿಸಿದ್ದಿಲ್ಲ. ಕಾಲುವೆಯ ತೂಬು ಎತ್ತಿ ಇಳಿಸಿ ಮೂವತ್ತು ವರ್ಷ ಕಳೆದ ಕೈ ಅದು, ಅವರ ಅಕ್ಷರ ಆಫೀಸಿನವರಿಗೇ ಓದಲು ಬರುತ್ತಿರಲಿಲ್ಲ. ಇದು ಮಾತ್ರ ಒಂದೂ ತಪ್ಪದೆ ಓದಿ, ಗಟ್ಟಿಯಾಗಿ ಹೇಳಿಬಿಡುತ್ತಿತ್ತು. ಸ್ಪೀಕರ್ ನಾಲ್ಕಿವೆ. ಮೆಟ್ರಿ ಹತ್ತಿರ ತೂಬಿನ ಮೇಲೆ ನಿಂತು ಕೂಗಿದರೆ ಆಚೆ ದಡದ ಗದ್ದೆಯವರು ತಲೆ ಎತ್ತುವಂಥ ದನಿ ನಿಮ್ಮಪ್ಪನದು. ಗಂಟಲಿನ ಆಪರೇಷನ್ ಆಗಿ, ಕುತ್ತಿಗೆಗೆ ಕೊಳವೆ ಕೂರಿಸಿ ಮನೆಗೆ ಕಳಿಸಿದಾಗ ಅವರು ಒಂದು ವಾರ ಗೋಡೆಗೆ ಮುಖ ಮಾಡಿ ಮಲಗಿದ್ದು ನಿನಗೂ ನೆನಪಿರಬೇಕು. ಈ ಟ್ಯಾಬ್ ಬಂದ ಮೇಲೆ ಎದ್ದು ಕೂತರು.

ಮಾತಾಡುವುದು ಹೆಂಗಸಿನ ದನಿ, ಅದೂ ವಾರ್ತೆ ಓದುವವರ ಹಾಗೆ. ‘ಲೇ, ಚಾ ಮಾಡ್’ ಎಂದು ಇವರು ಬರೆದರೆ ಅವಳು ಬೆಂಗಳೂರಿನವಳ ಹಾಗೆ ಹೇಳುತ್ತಿದ್ದಳು. ಪಕ್ಕದ ಮನೆಯ ಶಾಂತಕ್ಕ ಮೂರು ದಿನ ತಡೆದುಕೊಂಡು ನಾಲ್ಕನೆಯ ದಿನ ಬಂದು, ಮನ್ಯಾಗ ಯಾರೋ ಬಂದಾರಲ್ಲ, ಯಾರವ್ವಾ ಆಕಿ, ನಿನಗ ಲೇ ಅಂತಾಳ ಎಂದು ಕೇಳಿದಳು. ನನಗೆ ನಕ್ಕು ನಕ್ಕು ಸಾಕಾಯಿತು. ಆಮೇಲೆ ಈಶ್ವರ್ ಬಂದಾಗ ಗಂಡಸಿನ ದನಿ ಹಾಕಿಕೊಟ್ಟರು. ನಿಮ್ಮಪ್ಪ ಎರಡು ಮಾತು ಆಡಿಸಿ ನೋಡಿ ತೆಗೆಸಿಬಿಟ್ಟರು. ಯಾಕೆಂದು ಕೇಳಿದರೆ, ‘ಬ್ಯಾರೆ ಗಂಡಸಿನ ದನ್ಯಾಗ ನಿನ್ನ ಕರೀಲೇನು?’ ಎಂದು ಬರೆದು ತೋರಿಸಿದರು. ಅರವತ್ತಾರರ ಪ್ರಾಯದಲ್ಲಿ ನಾಚಿಕೆಯಾಗಲಿಲ್ಲ ಅವರಿಗೆ. ನನಗಾಯಿತು.

ಬಿಸಿಲಿನಲ್ಲಿ ಇದು ಕೆಲಸಕ್ಕೆ ಬಾರದು. ಹೋದ ಶಿವರಾತ್ರಿ ಕಳೆದು ಹಂಪಿಗೆ ಹೋಗಿದ್ದೆವು. ವಿರೂಪಾಕ್ಷನ ಗುಡಿಯ ಎದುರಿನ ಮಂಟಪದ ಮೆಟ್ಟಿಲ ಮೇಲೆ ಕೂತು ಏನೋ ಬರೆದು ನನ್ನ ಮುಂದೆ ಹಿಡಿದರು. ಪರದೆಯಲ್ಲಿ ನನ್ನ ಮುಖವೇ ಕಾಣುತ್ತಿತ್ತು, ಶಾಲೆಯ ಮಕ್ಕಳ ಗದ್ದಲದಲ್ಲಿ ದನಿಯೂ ಕೇಳಿಸಲಿಲ್ಲ. ಕಾಲು ಸುಡುತ್ತಿತ್ತು, ಹೂಂ ಎಂದು ತಲೆಯಾಡಿಸಿದೆ. ಅವರು ಖುಷಿಯಾದರು. ಏನಕ್ಕೆ ಹೂಂ ಎಂದೆ ಎಂದು ನನಗೆ ಅವರು ಇರುವವರೆಗೂ ಗೊತ್ತಿರಲಿಲ್ಲ. ‘ಮುಂದಿನ್ ಜನ್ಮದಾಗೂ ನೀನ ಬರ್ತೀಯೇನು?’ ಎಂದು ಕೇಳಿದ್ದರು. ಹೇಗೆ ಗೊತ್ತಾಯಿತು ಎನ್ನುತ್ತೀಯಾ? ಆಡಿಸಿದ ಒಂದೊಂದು ಮಾತನ್ನೂ ತಾರೀಖು, ಗಂಟೆ ಸಮೇತ ಅದು ಒಳಗೆ ಇಟ್ಟುಕೊಂಡಿದೆ. ಉಪ್ಪು ಕಡಿಮೆ ಎಂದದ್ದು, ಈಶ್ವರ್ ತೆಳ್ಳಗಾಗಿದ್ದಾರೆ ಎಂದದ್ದು, ಎಲ್ಲ. ಇದನ್ನು ಒಳ್ಳೆಯ ಗುಣದಲ್ಲಿ ಸೇರಿಸಲೋ ಕೆಟ್ಟದ್ದರಲ್ಲಿ ಸೇರಿಸಲೋ, ನೀನೇ ಹೇಳಬೇಕು.

ಇಷ್ಟು ಬರೆದು ಎದ್ದು ಹೋಗಿ ಪಾತ್ರೆ ತೊಳೆದು ಬಂದೆ. ಇನ್ನು ತಪ್ಪಿಸಿಕೊಂಡು ಫಲವಿಲ್ಲ.

ಕೊನೆಯ ವರ್ಷ ಆಸ್ಪತ್ರೆಯ ಔಷಧಕ್ಕೆ ಅವರ ಕಿವಿಯೂ ಮಂದವಾಗಿತ್ತು, ನಿನಗೆ ಗೊತ್ತು. ಆ ಟ್ಯಾಬ್ ಎಷ್ಟು ಜೋರಾಗಿ ಕೂಗಿದರೂ ಅವರಿಗೆ ಕೇಳುತ್ತಿರಲಿಲ್ಲ. ನಾನು ಹೊರಳಿ ನೋಡಿದರೆ ಅದು ಮಾತಾಡಿದೆ ಎಂದು ಲೆಕ್ಕ. ಹಾಗಾಗಿ ಸದಾ ದನಿ ಪೂರ್ತಿ ಏರಿಸಿಯೇ ಇರುತ್ತಿದ್ದರು. ಬೆಳಿಗ್ಗೆ ಕಣ್ಣು ಬಿಟ್ಟಾಗಿನಿಂದ ಲೇ ಕೊಟ್ರಿ, ಲೇ ಕೊಟ್ರಿ. ಪ್ರೀತಿಯಿಂದಲೇ ಕರೆಯುತ್ತಿದ್ದರು, ನನಗೂ ಗೊತ್ತಿತ್ತು. ಆದರೂ ಶೈಲಾ, ಸಾಕಾಗುತ್ತಿತ್ತು ನನಗೆ. ಮೂರು ತಾಸಿಗೊಮ್ಮೆ ಕೊಳವೆ ತೆಗೆದು ತೊಳೆಯಬೇಕು, ಕಫ ಎಳೆಯುವ ಮಷಿನ್ ಹಚ್ಚಬೇಕು, ಗಂಜಿ ಕುಡಿಸಬೇಕು. ಇದನ್ನು ಯಾರ ಮುಂದೂ ನಾನು ಹೇಳಿಕೊಳ್ಳಲಿಲ್ಲ.

ದಿನದಲ್ಲಿ ನನ್ನದು ಎಂದು ಇದ್ದದ್ದು ಲಿಂಗಪೂಜೆಯ ಮುಕ್ಕಾಲು ತಾಸು. ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಕೂತರೆ ಮುಗಿಯುವವರೆಗೆ ಮಾತಿಲ್ಲ, ಏಳುವಂತಿಲ್ಲ. ಪೂಜಿಗೆ ಕುಂತಾಗ ಮನಿಗೆ ಬೆಂಕಿ ಬಿದ್ರೂ ಹೊಳ್ಳಿ ನೋಡಬ್ಯಾಡ ಎಂದು ನಮ್ಮತ್ತೆ ಮದುವೆಯಾದ ವಾರವೇ ಹೇಳಿದ್ದರು. ನಲವತ್ತು ವರ್ಷ ಹಾಗೆಯೇ ನಡೆದುಕೊಂಡೆ. ನಿಮ್ಮಪ್ಪನಿಗೆ ಅದೇ ಆಟ. ನಾನು ಕೂತ ಕೂಡಲೇ ಮಂಚದ ಮೇಲಿಂದ ಆ ಹೆಂಗಸಿನ ದನಿಯಲ್ಲಿ ‘ಲೇ, ನಿನ್ ಬೆನ್ನ ಮ್ಯಾಲೆ ಹಲ್ಲಿ ಐತಿ’ ಎನ್ನಿಸುವುದು, ನಾನು ನಡುಗುವುದನ್ನು ನೋಡಿ ಮೈ ಕುಣಿಸಿ ನಗುವುದು. ನಾಲ್ಕು ದಿನ ನನಗೂ ನಗು ಬಂತು. ಆಮೇಲೆ ಸಿಟ್ಟು ಬಂತು. ದೀಪಾವಳಿ ಆದ ಮೇಲೆ ಒಂದು ದಿನ, ಪೂಜೆಗೆ ಕೂರುವ ಮೊದಲು ದಿಂಬು ಸರಿಮಾಡುವ ನೆಪದಲ್ಲಿ ಟ್ಯಾಬಿನ ದನಿ ಪೂರ್ತಿ ಇಳಿಸಿಬಿಟ್ಟೆ. ಪೂಜೆ ಮುಗಿದ ಮೇಲೆ ಗೊತ್ತಾಗದಂತೆ ಏರಿಸಿದೆ. ಅಂದಿನಿಂದ ದಿನಾ ಅದೇ.

ಅವರಿಗೆ ತಿಳಿಯಲೇ ಇಲ್ಲ. ನಾನು ಅಲ್ಲಾಡದೆ ಕೂತದ್ದು ಕಂಡು, ಒಂದು ದಿನ ಊಟದ ಹೊತ್ತಿಗೆ ‘ಈಗ ಭಾಳ ಘಟ್ಟಿ ಆಗಿ. ಎಷ್ಟ್ ಕರದ್ರೂ ಹೊಳ್ಳಿ ನೋಡಂಗಿಲ್ಲ. ಶಾಣೇಕಿ’ ಎಂದು ಬರೆದು ಬೆನ್ನು ತಟ್ಟಿದರು. ಹೇಳಬೇಕಿತ್ತು, ಆಗಲೇ ಹೇಳಬೇಕಿತ್ತು. ನಾಚಿಕೆಯಾಯಿತು, ಅನ್ನ ಕಲಸುತ್ತ ಕೂತೆ.

ಡಿಸೆಂಬರ್ ಹನ್ನೊಂದರ ಬೆಳಿಗ್ಗೆ ಚಳಿಯಿತ್ತು. ಏಳು ಗಂಟೆಗೆ ಕೂತೆ. ಮನಸ್ಸು ಎಂದೂ ಅಷ್ಟು ನಿಂತಿರಲಿಲ್ಲ. ಇವತ್ತು ಪೂಜೆ ಚೆನ್ನಾಗಿ ಆಯಿತು ಎಂದುಕೊಳ್ಳುತ್ತಲೇ ಎದ್ದೆ. ಅವರು ಕಣ್ಣು ಮುಚ್ಚಿ ಮಲಗಿದ್ದರು, ಟ್ಯಾಬ್ ಎದೆಯ ಮೇಲಿತ್ತು. ನಿದ್ದೆ ಹತ್ತಿದೆ ಎಂದು ಟ್ಯಾಬ್ ತೆಗೆದು ಪಕ್ಕಕ್ಕಿಟ್ಟು, ಹೊದಿಕೆ ಎಳೆದು, ಹೋಗಿ ಉಪ್ಪಿಟ್ಟಿಗೆ ಈರುಳ್ಳಿ ಹೆಚ್ಚಿದೆ. ಗಂಜಿ ಬಿಸಿ ಮಾಡಿಕೊಂಡು ಬಂದು ಎಬ್ಬಿಸಿದಾಗ ಕೈ ತಣ್ಣಗಿತ್ತು. ಕೊಳವೆಯಲ್ಲಿ ಕಫ ಗಟ್ಟಿಯಾಗಿ ಕಟ್ಟಿತ್ತು. ಅದನ್ನು ತೆಗೆಯಲು ನನಗೆ ಎರಡು ನಿಮಿಷ ಸಾಕಿತ್ತು. ಎರಡು ನಿಮಿಷ, ತಾಯಿ. ಮಂಚಕ್ಕೂ ನನಗೂ ನಾಲ್ಕು ಹೆಜ್ಜೆ.

ನೀವೆಲ್ಲ ಬರುವ ಮೊದಲೇ ಕೊಳವೆ ತೊಳೆದಿಟ್ಟೆ. ನಿದ್ದೆಯಲ್ಲಿ ಹೋದರು ಎಂದು ಹೇಳಿದೆ. ನೀನು ಅವರ ಕಾಲ ಹತ್ತಿರ ಕೂತು, ನಿದ್ದ್ಯಾಗ ಹೋದ್ರಲ್ಲವ್ವಾ, ಸಂಕಟ ಪಡಲಿಲ್ಲಲ್ಲ, ಅಷ್ಟ ಸಾಕು ಎಂದು ನನ್ನ ತಲೆ ಸವರಿದೆ. ಆ ಮಾತನ್ನು ನಿನ್ನಿಂದ ಹೇಗೆ ಕಿತ್ತುಕೊಳ್ಳಲಿ ಎಂದು ಎರಡು ತಿಂಗಳು ಒದ್ದಾಡಿದ್ದೇನೆ. ಅದೂ ಪೂರ್ತಿ ನಿಜವಲ್ಲ. ನನ್ನ ಮಾನ ಉಳಿಯಲಿ ಎಂದೂ ಸುಮ್ಮನಿದ್ದೆ.

ಮಣ್ಣು ಮಾಡಿದ ಐದನೆಯ ದಿನ ಟ್ಯಾಬ್ ತೆರೆದು ನೋಡಿದೆ. ಅಲ್ಲಿ ಇರುವುದನ್ನು ಇದ್ದಂತೆಯೇ ಇಳಿಸುತ್ತೇನೆ.

7.04: ಕೊಳವಿ ಕಟ್ಟೈತಿ
7.06: ಲೇ ಕೊಟ್ರಿ
7.11: ಉಸ್ರಾಡಾಕ ಆಗವಲ್ದು
7.15: ಕೊಟ್ರಿ ಕೊಟ್ರಿ

ಇದರ ಕೆಳಗೆ ಇನ್ನೊಂದಿದೆ. ಅದನ್ನು ಬರೆಯಲು ಕೈ ಏಳುತ್ತಿಲ್ಲ. ನೀನೇ ನೋಡುವಿಯಂತೆ.

ಎಲ್ಲ ಅಳಿಸು ಎನ್ನುವ ಗುಂಡಿಯನ್ನು ಮೂರು ಸಲ ಒತ್ತಿದೆ. ಖಚಿತವೇ ಎಂದು ಕೇಳಿತು. ಮೂರು ಸಲವೂ ಬೇಡ ಎಂದೆ. ಅಳಿಸಿದರೆ ನನ್ನ ತಪ್ಪಿನ ಜೊತೆ ಹಲ್ಲಿಯೂ ಹೋಗುತ್ತದೆ, ಹಂಪಿಯೂ ಹೋಗುತ್ತದೆ, ಅವರು ನನ್ನನ್ನು ಕರೆದದ್ದೆಲ್ಲ ಹೋಗುತ್ತದೆ. ಹೇಗಿದೆಯೋ ಹಾಗೆಯೇ ಕೊಡುತ್ತೇನೆ. ಈಶ್ವರ್ ಅಳಿಸಲು ಕೂರುವ ಮೊದಲು ನೀನು ಒಬ್ಬಳೇ ಕೂತು ಓದು. ಆಮೇಲೆ ಅಳಿಸುವುದೋ ಇಡುವುದೋ ನಿನ್ನ ಇಷ್ಟ. ಅಂಜಲಿಗೆ ಮಾತ್ರ ಹೊಸದನ್ನೇ ಕೊಡಿಸು. ಮಗುವಿನ ಓದಿಗೆ ಇದು ಬೇಡ.

ನನ್ನ ಮೇಲೆ ಸಿಟ್ಟು ಬಂದರೆ ಬಂದು ಬೈದು ಹೋಗು. ಫೋನು ಮಾಡುವುದನ್ನು ನಿಲ್ಲಿಸಬೇಡ. ನಿಲ್ಲಿಸಿದರೂ ನಾನು ಏಕೆಂದು ಕೇಳುವುದಿಲ್ಲ.

ನಿನ್ನ ಅವ್ವ,
ಕೊಟ್ರಬಸಮ್ಮ

ಮರೆಮಾಚಿದ್ದು: ಲಕೋಟೆ ಅಂಟಿಸಿ ಮತ್ತೆ ಹರಿದೆ. ಆ ಕೊನೆಯ ಸಾಲು ನಿನಗೆ ಒಂಟಿಯಾಗಿದ್ದಾಗ ಎದುರಾಗುವುದು ಬೇಡ, ನನ್ನ ಕೈಯಿಂದಲೇ ತಿಳಿಯಲಿ. ಅವರ ಕೈಗೆಟಕುವಲ್ಲಿ ಸ್ಟೀಲಿನ ನೀರಿನ ಲೋಟವಿತ್ತು, ಬೀಳಿಸಿದ್ದರೆ ಸಾಕಿತ್ತು, ಏಕೆ ಬೀಳಿಸಲಿಲ್ಲ ಎಂದು ಐದು ದಿನ ನನ್ನನ್ನು ನಾನೇ ಕೇಳಿಕೊಂಡಿದ್ದೆ. ಅದಕ್ಕೆ ಉತ್ತರ ಅಲ್ಲಿದೆ. 7.19ಕ್ಕೆ ಬರೆದದ್ದು ಇಷ್ಟು: ‘ಇರ್ಲಿ, ಪೂಜಿ ಮುಗಿಸ್ಕ್ಯಾ. ನಾ ತಡಕೊಂತೀನಿ.’ ನನಗೆ ಕೇಳಿಸಿದೆ, ಕೇಳಿಸಿಯೂ ನಾನು ಏಳಲಿಲ್ಲ ಎಂದುಕೊಂಡೇ ಹೋಗಿದ್ದಾರೆ, ಶೈಲಾ. ಕೇಳಿಸಲಿಲ್ಲ ರೀ ಎಂದು ನಾನು ಈಗ ಯಾರಿಗೆ ಹೇಳಲಿ?