ಅರ್ಧ ಗಂಟೆ ಮೊದಲೇ ಕೊಟ್ಟ ನೀರು

ಕಾಲೇಜಿನ ಸರ್ವೆ ಕ್ಯಾಂಪ್
೧೯ ನವೆಂಬರ್, ಬೆಳಿಗ್ಗೆ

ಪ್ರೀತಿಯ ಅಕ್ಕಾ,

ನಾನು ಚೆನ್ನಾಗಿದ್ದೇನೆ. ನೀನೂ ಭಾವನೂ ಹಾಗೇ ಇದ್ದೀರಿ ಅಂದುಕೊಂಡಿದ್ದೇನೆ. ಮೂರು ವಾರ ಬರೆಯದಿದ್ದಕ್ಕೆ ಸಾರಿ. ಬೈಯುವುದಿದ್ದರೆ ಪೂರ್ತಿ ಓದಿ ಬೈ. ಇಲ್ಲಿ ಸಿಗ್ನಲ್ ಇಲ್ಲ. ನಾಳೆ ಜೀಪು ಪೇಟೆಗೆ ಹೋಗುವಾಗ ಇದು ಪೋಸ್ಟ್ ಆಗುತ್ತದೆ.

ಇಲ್ಲಿ ಎಲ್ಲರಿಗೂ ಒಂದೊಂದು ಡ್ಯೂಟಿ. ನನಗೆ ನಮ್ಮ ಟೆಂಟಿನ ನೀರು. ತೊರೆಯ ನೀರನ್ನು ಬಟ್ಟೆಯಲ್ಲಿ ಸೋಸಿ, ಕ್ಯಾನಿಗೆ ತುಂಬಿ, ಕ್ರಿಮಿ ಸಾಯಲು ಅಯೋಡಿನ್ ಮಾತ್ರೆ ಹಾಕಿ ಅರ್ಧ ಗಂಟೆ ಬಿಡಬೇಕು. ತೀರಾ ತಣ್ಣಗಿದ್ದರೆ ಇನ್ನೂ ಹೆಚ್ಚು. ಡಬ್ಬಿಯ ಮೇಲೆ ಎಲ್ಲ ಇಂಗ್ಲಿಷು, ಇಂಗ್ಲಿಷ್ ಮೀಡಿಯಂನಿಂದ ಬಂದವಳು ನಾನೊಬ್ಬಳೇ, ಅದಕ್ಕೇ ನನ್ನನ್ನು ಆರಿಸಿದರು. "ಬಾರಮ್ಮ ಮೇಡಂ, ನಿಮ್ ಭಾಷೇಲಿ ಏನೋ ಬರ್ದಿದಾರೆ, ನೋಡು" ಎಂದಳು ನನ್ನ ಟೆಂಟಿನ ಉದ್ದಜಡೆಯವಳು. ಅವಳು ಅಲ್ಲಿಯವರೆಗೆ ನನ್ನೊಡನೆ ಆಡಿದ್ದು ಅದೊಂದೇ ಮಾತು. ಟೆಂಟಿನಲ್ಲಿ ನಾವು ನಾಲ್ವರು. ನಾನು ಒಳಗೆ ಕಾಲಿಟ್ಟರೆ ಉಳಿದ ಮೂವರು ಮಾತು ನಿಲ್ಲಿಸುತ್ತಿದ್ದರು.

"ಇದೇನ್ ನೀರಾ, ಗಾಯಕ್ಕೆ ಹಚ್ಚೋ ಔಷಧಾನಾ?" ಎಂದು ಎರಡನೇ ದಿನಕ್ಕೇ ಉಗಿದರು.

ನೀನು ಔಷಧಿ ಅಂಗಡಿಯಿಂದ ಕೊಂಡು ಕಳಿಸಿದ್ದ ಕಿತ್ತಳೆ ರುಚಿಯ ವಿಟಮಿನ್ ಸಿ ಮಾತ್ರೆ ನೆನಪಾಯಿತು. ಅದು ಅಯೋಡಿನ್ನಿನ ರುಚಿ ತೆಗೆಯುತ್ತದೆ. ಆದರೆ ಹೊತ್ತು ಪೂರ್ತಿಯಾದ ಮೇಲಷ್ಟೇ ಹಾಕಬೇಕು. ಮೊದಲೇ ಹಾಕಿದರೆ ಅಯೋಡಿನ್ನಿನ ಕೆಲಸವೇ ನಿಂತುಹೋಗುತ್ತದೆ. ಡಬ್ಬಿಯ ಮೇಲೆ ಬರೆದಿತ್ತು. ಓದಿದ್ದೆ. ಆದರೂ ಒಂದು ದಿನ ಮೂವರೂ ಬೆಟ್ಟ ಇಳಿದು ಬಂದು, ಬಾಟಲಿ ಹಿಡಿದು ಎದುರಿಗೇ ನಿಂತರು. "ಇನ್ನೂ ಎಷ್ಟೊತ್ತು? ಪ್ರಾಣ ಹೋದ್ಮೇಲ್ ಕೊಡ್ತೀಯಾ?" ಎರಡೂ ಮಾತ್ರೆ ಒಟ್ಟಿಗೇ ಹಾಕಿ, ಕಲಕಿ ಕೊಟ್ಟುಬಿಟ್ಟೆ.

"ಈಗ ನೋಡು, ನೀರು ನೀರಿನ್ ಥರ ಇದೆ ಕಣೇ!" ಎಂದು ಉದ್ದಜಡೆಯವಳು ನನ್ನ ಬೆನ್ನು ತಟ್ಟಿದಳು. 'ಕಣೇ' ಅಂದಳು, ಅಕ್ಕಾ.

ಎರಡೇ ದಿನದಲ್ಲಿ ಮೂವರೂ ವಾಂತಿ, ಭೇದಿ ಅಂತ ಮಲಗಿದರು. ನನಗೇನೂ ಆಗಲಿಲ್ಲ, ನನ್ನ ಬಾಟಲಿ ಬೆಳಿಗ್ಗೆಯೇ ಸರಿಯಾಗಿ ತುಂಬಿಸಿಕೊಂಡಿದ್ದೆ. ನಿನ್ನೆ ನಮ್ಮ ಮೇಷ್ಟ್ರು ಕ್ಯಾಂಪಿನ ಅಡುಗೆಯವನ ಮೇಲೆ ಹರಿಹಾಯ್ದರು. "ಹಳಸಿದ್ದು ಬಡಿಸ್ತೀಯೇನಯ್ಯಾ? ನಾಳಿದ್ದು ಜೀಪ್ ಹತ್ತು, ಮನೆಗ್ ಹೋಗು." ಅವನು "ನಾನೂ ಅದನ್ನೇ ತಿಂದೆ ಸಾರ್" ಎಂದು ಪಾತ್ರೆ ಉಜ್ಜುತ್ತಾ ಕುಳಿತ. ನಾನು ಅಲ್ಲೇ ಕ್ಯಾನ್ ಹಿಡಿದು ನಿಂತಿದ್ದೆ. ಹಾಗೇ ತೊರೆಗೆ ಹೋದೆ.

ನಿಜ ಹೇಳಿದರೆ ಆ ಮೂವರು ಮತ್ತೆ ನನ್ನ ಮುಖ ನೋಡುವುದಿಲ್ಲ. ಆದರೂ ಇವತ್ತು ಸಂಜೆಯೊಳಗೆ ಮೇಷ್ಟ್ರಿಗೆ ಹೇಳುತ್ತೇನೆ. ನಿನಗೆ ಬರೆದಾದ ಮೇಲೆ ತಪ್ಪಿಸಿಕೊಳ್ಳಲು ಆಗುವುದಿಲ್ಲವಲ್ಲ, ಅದಕ್ಕೇ ಮೊದಲು ನಿನಗೆ ಬರೆದೆ. ಭಾವನಿಗೆ ನಮಸ್ಕಾರ ಹೇಳು. ಅಲ್ಲಿಂದಲೇ ನನ್ನ ತಲೆ ಮೇಲೊಂದು ಕೈಯಿಡು.

ನಿನ್ನ,
ಮೊಂಡಿ

ತಾ.ಕ.: ಇದನ್ನು ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಅವರು ಮಲಗಿದ್ದಷ್ಟು ದಿನವೂ ಬಕೆಟ್ ಹಿಡಿದವಳು ನಾನೇ. ಉದ್ದಜಡೆಯವಳು ನನ್ನ ಕೈ ಹಿಡಿದು, "ಹೋಗ್ಬೇಡ್ವೇ, ಇಲ್ಲೇ ಕೂತ್ಕೋ" ಎಂದಳು. ಕಾಲೇಜು ಸೇರಿದಾಗಿನಿಂದ ಯಾರೂ ನನಗೆ ಹಾಗೆ ಹೇಳಿರಲಿಲ್ಲ. ನಿನ್ನೆ ಅವಳು ಎದ್ದು ಕುಳಿತು, ಜಡೆ ಹಾಕಿಕೊಂಡು ನಕ್ಕಳು. ಅವಳು ಇನ್ನೊಂದು ದಿನ ಮಲಗಿರಬಾರದಿತ್ತೇ ಅನ್ನಿಸಿತು ನನಗೆ.