ಅಮ್ಮನ ಕುರ್ಚಿಗೆ ನೀಲಿ ಬಣ್ಣ

ತಮ್ಮಾ ರುಶ್ದಿ,

ಬಾಗಿಲು ಮೆಲ್ಲಗೆ ಮುಚ್ಚು, ಕೂಗಾಡಬೇಡ. ಹೌದು, ಅಮ್ಮನ ಚಿನ್ನದ ಬಣ್ಣದ ಕುರ್ಚಿಗಳಿಗೆ ನೀಲಿ ಬಳಿದಿದ್ದೀನಿ. ಪ್ಲಾಸ್ಟಿಕ್ ಹೊದಿಕೆಯನ್ನೂ ಕಿತ್ತು ಬಿಸಾಕಿದೆ. ಬ್ರಷ್ ತಾಗಿಸಿದರೆ ಮನೆ ಬಿಟ್ಟು ಹೋಗ್ತೀನಿ ಅಂದಿದ್ದೆಯಲ್ಲ, ನಿನ್ನ ಸೂಟ್‌ಕೇಸ್ ಮಂಚದ ಕೆಳಗಿದೆ. ಹೋಗೋದಾದರೆ ಊಟ ಮಾಡಿ ಹೋಗು. ಮುಲೂಖಿಯಾ ಸೊಪ್ಪಿನ ಸಾರು ಒಲೆ ಮೇಲಿದೆ, ಬಿಸಿ ಮಾಡು, ಕುದಿಸಬೇಡ.

ಬೆಳಿಗ್ಗೆ ಶುಬ್ರಾದಿಂದ ತೌಹೀದಾ ಚಿಕ್ಕಮ್ಮ ಹೇಳದೆ ಕೇಳದೆ ಬಂದುಬಿಟ್ಟರು. ನನ್ನ ಕತೆ ಮುಗೀತು ಅಂದುಕೊಂಡೆ. ಅವರು ಕುರ್ಚಿಗೆ ಒಂದು ಸುತ್ತು ಹಾಕಿ, "ಇದರ ಮೇಲೆ ಕೂತ್ಕೋಬಹುದಾ?" ಅಂತ ಕೇಳಿದರು.

"ಕುರ್ಚಿ ಇರೋದು ಇನ್ಯಾತಕ್ಕೆ ಚಿಕ್ಕಮ್ಮ?" ಅಂದೆ.

"ಅಕ್ಕ ಇರೋವರೆಗೂ ನನ್ನನ್ನ ಅಡುಗೆಮನೆ ಸ್ಟೂಲ್ ಮೇಲೇ ಕೂರಿಸ್ತಿದ್ಲು ಕಣೇ. ಇದು ಬಂದವರಿಗೆ ಅಂತಿದ್ಲು. ನಾನು ಬಂದವಳಲ್ವಾ?"

ಚಪ್ಪಲಿ ಬಿಟ್ಟು, ಕಾಲು ಮಡಚಿ ಕೂತರು. ಮಾತಾಡ್ತಾ ಮಾತಾಡ್ತಾ ಅಲ್ಲೇ ನಿದ್ದೆ ಹೋದರು. ಬಣ್ಣ ಇನ್ನೂ ಪೂರ್ತಿ ಒಣಗಿರಲಿಲ್ಲ, ಅವರ ಕರೀ ನಿಲುವಂಗಿಯ ಎರಡು ತೋಳೂ ನೀಲಿಯಾಗಿವೆ. ಆ ಬಣ್ಣ ತೆಗೆಯೋಕೆ ಟರ್ಪೆಂಟೈನ್ ತರೋಕೆ ಹೋಗ್ತಿದ್ದೀನಿ.

ನಗಬೇಡ. ಅವರಾಗಿ ಏಳೋವರೆಗೂ ಆ ಕುರ್ಚಿಯಿಂದ ಅವರನ್ನ ಯಾರೂ ಎಬ್ಬಿಸಕೂಡದು.

ರಾವ್ಯಾ